ಮೂರು ಗುಳಿಗೆ, ಒಂದು ಮಿಶ್ರಿ ಡಬ್ಬಿ

ನನ್ನ ಕೈಗೆ ಏನೋ ಆಗಿದೆ ಎಂದು ಮೊದಲು ತಿಳಿದದ್ದು ಎಮ್ಮೆಗೆ. ಕೆಚ್ಚಲಿಗೆ ಬೆರಳು ತಾಗಿದ್ದೇ ತಡ, ಬೆನ್ನು ಕುಗ್ಗಿಸಿ ಹಿಂಗಾಲು ಎತ್ತಿತು. ಬೇಸಿಗೆ. ಹೊತ್ತು ಏರುವ ಮೊದಲೇ ತಗಡಿನ ಕೆಳಗೆ ಬೆವರು ಇಳಿಯುತ್ತಿತ್ತು. ಅಂಥ ದಿನಗಳಲ್ಲಿ ನನ್ನ ಕೈ ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿದ್ದವು. ಬೆರಳ ತುದಿ ಬಿಳಿಚಿಕೊಂಡಿದ್ದವು, ಉಗುರಿನ ಬುಡ ನೀಲಿ. ಮೊಲೆ ಹಿಡಿದರೆ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ.

"ಅಕ್ಕಾ, ಹೆಣದ ಕೈ ಅಂತ ತಿಳದ ಎಮ್ಮಿ ಹೆದರೇತಿ ನೋಡ" ಎಂದಳು ನನ್ನ ನೆಗೆಣ್ಣಿ. ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ಬಾಯಿ ನನ್ನಷ್ಟೇ ಜೋರು.

"ನಿನ್ನ ಕೈ ಬಿಸಿ ಅದಾವಲ್ಲ, ನೀ ಹಿಂಡ ಬಾ."

ಅವಳು ಕೂತಳು. ಎಮ್ಮೆ ಒದೆಯಿತು. ಚರಿಗೆ ಒಂದು ಕಡೆ, ಅವಳು ಒಂದು ಕಡೆ. ನಾನು ನಕ್ಕೆ. ಆದರೆ ನಗುವ ಮಾತಾಗಿರಲಿಲ್ಲ. ಆ ಎಮ್ಮೆಗೆ ನನ್ನ ಕೈ ಬಿಟ್ಟರೆ ಬೇರೆ ಕೈ ನಡೆಯುತ್ತಿರಲಿಲ್ಲ. ನನ್ನ ತವರಿನಿಂದ ಕರುವಾಗಿ ಬಂದದ್ದು. ಆ ಮನೆಯಲ್ಲಿ ಹೊಲ ಗಂಡನ ಹೆಸರಿನಲ್ಲಿತ್ತು, ಕಬ್ಬು ಅಣ್ಣತಮ್ಮಂದಿರದು, ಮಾತು ಅತ್ತೆಯದು. ನನ್ನದು ಎನ್ನಲು ಅದೊಂದು ಎಮ್ಮೆ, ಅದರ ಹಾಲು, ಡೇರಿಗೆ ಹಾಲು ಹಾಕುವಾಗ ಕರೆಯುವ ನನ್ನ ಹೆಸರು. ಹಿಂಡುವ ಕೈ ಹೋದರೆ ಎಮ್ಮೆ ಹೋಗುತ್ತದೆ. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುಳಿಗೆಗಳು ನನ್ನ ಮನೆ ಹೊಕ್ಕದ್ದು ಹೇಗೆ ಎಂದು ಮೊದಲು ಹೇಳುತ್ತೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ರಾಯಬಾಗ ತಾಲೂಕಿನಲ್ಲಿ, ಮುಗಳಖೋಡದ ಕಡೆಯ ಹಳ್ಳಿ. ನನಗೆ ಮೈನೆರೆದಾಗಿನಿಂದ ಅರ್ಧ ತಲೆ ಹಿಡಿಯುವ ನೋವು. ಹಿಡಿಯಿತೆಂದರೆ ಬೆಳಕು ಬೇಡ, ಸಪ್ಪಳ ಬೇಡ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಎಂಬತ್ತರ ದಶಕದ ಕೊನೆಗೆ ನಮ್ಮೂರಿಗೆ ಡೇರಿ ಬಂತು. ಹಾಲಿನ ಗಾಡಿ ನನ್ನ ತಲೆನೋವಿಗೆ ಕಾಯುವುದಿಲ್ಲ. ಅಥಣಿಯ ಡಾಕ್ಟರರ ಹತ್ತಿರ ಹೋದೆ. ಅವರು ಎರಡು ನಮೂನೆ ಗುಳಿಗೆ ಕೊಟ್ಟರು. ಒಂದು, ತಲೆ ಹಿಡಿಯದ ಹಾಗೆ ತಡೆಯಲು ದಿನಾ ನುಂಗುವುದು. ಇನ್ನೊಂದು, ತಲೆ ಹಿಡಿದಾಗ ಮಾತ್ರ. "ಇದನ್ನ ವಾರದಾಗ ಎರಡರ ಮ್ಯಾಲ ತಗೋಬ್ಯಾಡವಾ" ಎಂದು ಎರಡು ಬೆರಳು ಎತ್ತಿ ತೋರಿಸಿದ್ದರು. ತಂಬಾಕು ತಿನ್ನುತ್ತೀಯೇನು ಎಂದೂ ಕೇಳಿದ್ದರು. ಇಲ್ರಿ ಎಂದಿದ್ದೆ. ನಾನು ತಂಬಾಕು ತಿನ್ನುತ್ತಿರಲಿಲ್ಲ.

ಆ ಎರಡನೆಯ ಗುಳಿಗೆ ನುಂಗಿದರೆ ಸ್ವಲ್ಪ ಹೊತ್ತಿನಲ್ಲಿ ತಲೆ ಬಿಡುತ್ತಿತ್ತು. ಅಷ್ಟು ವರ್ಷ ಕತ್ತಲ ಕೋಣೆಯಲ್ಲಿ ಬಿದ್ದವಳಿಗೆ ಅದು ಏನೆಂದು ಬಿದ್ದವರಿಗಷ್ಟೇ ಗೊತ್ತು. ಮೊದಮೊದಲು ಲೆಕ್ಕದಂತೆ ನುಂಗಿದೆ. ಆಮೇಲೆ ತಲೆ ಹಿಡಿಯಬಹುದು ಎಂದು ಅನಿಸಿದರೂ ನುಂಗಿದೆ. ಆಮೇಲೆ ದಿನಾ. ಗುಳಿಗೆಯ ಜೋರು ಇಳಿದ ಕೂಡಲೇ ತಲೆ ಮತ್ತೆ ಹಿಡಿಯುತ್ತಿತ್ತು, ಮತ್ತೆ ಗುಳಿಗೆ. ಮೈದುನ ಕಬ್ಬಿನ ಗಾಡಿ ಹೊಡೆದುಕೊಂಡು ಉಗಾರದ ಕಾರಖಾನೆಗೆ ಹೋದಾಗ ಖಾಲಿ ಪಾಕೀಟು ಕೊಟ್ಟು ಕಳಿಸುತ್ತಿದ್ದೆ. ತುಂಬಿದ್ದು ಬರುತ್ತಿತ್ತು. ಅಂಗಡಿಯವನು ಯಾರಿಗೆ ಏನು ಎಂದು ಕೇಳಲಿಲ್ಲ, ಮೈದುನನೂ ಹೇಳಲಿಲ್ಲ.

ಮರುವರ್ಷ ಪಕ್ಕೆಯ ಸುತ್ತ ಸರ್ಪಸುತ್ತು ಎದ್ದಿತು. ಗಡಿಯಾಚೆಯವರು ನಾಗೀಣ ಎನ್ನುತ್ತಾರೆ. ಕೆಮ್ಮಣ್ಣು ಬಳಿಸಿದರು, ಹುಣ್ಣು ಒಣಗಿದವು. ಉರಿ ಮಾತ್ರ ಉಳಿಯಿತು. ಸೀರೆ ತಾಗಿದರೆ ಬೆಂಕಿ ತಾಗಿದ ಹಾಗೆ. ಹುಣ್ಣೇ ಇಲ್ಲದಲ್ಲಿ ಉರಿ ಎಂದರೆ ಮನೆಯಲ್ಲಿ ಯಾರು ನಂಬುತ್ತಾರೆ? ನನ್ನ ಅಣ್ಣ ಮೀರಜಕ್ಕೆ ಕರೆದೊಯ್ದ. ಅಲ್ಲಿಯ ಡಾಕ್ಟರರು ಹುಣ್ಣು ಮಾಯ್ದರೂ ನರ ಮಾಯಲಿಲ್ಲ ಎಂದು ಮರಾಠಿಯಲ್ಲಿ ಹೇಳಿ, ಮಲಗುವ ಮುಂಚೆ ನುಂಗಲು ಸಣ್ಣ ಹಳದಿ ಗುಳಿಗೆ ಕೊಟ್ಟರು. ಬೇರೆ ಔಷಧ ನಡೆದಿದೆಯೇನು ಎಂದು ಕೇಳಿದರು. ಇಲ್ಲ ಎಂದೆ.

ಸುಳ್ಳು ಹೇಳಿದ್ದು ಯಾಕೆಂದು ಈಗಿನವರು ಕೇಳುತ್ತಾರೆ. ನಮ್ಮ ಕಡೆ ಒಬ್ಬ ಡಾಕ್ಟರರ ಮುಂದೆ ಇನ್ನೊಬ್ಬ ಡಾಕ್ಟರರ ಹೆಸರು ತೆಗೆಯುವುದು ಮರ್ಯಾದೆಯಲ್ಲ. ಬೀಗರ ಮನೆಯಲ್ಲಿ ಎಲೆಯ ಮುಂದೆ ಕೂತು ಬೇರೆ ಬೀಗರ ಹೋಳಿಗೆ ಹೊಗಳುತ್ತಾರೇನು? ಅದೂ ಅಲ್ಲದೆ ನನ್ನ ತಿಳುವಳಿಕೆಯಲ್ಲಿ ಅಥಣಿಯವರದು ತಲೆ, ಮೀರಜದವರದು ಪಕ್ಕೆ. ಒಬ್ಬರ ಹೊಲದ ನೀರು ಇನ್ನೊಬ್ಬರ ಹೊಲಕ್ಕೆ ಹರಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹಳದಿ ಗುಳಿಗೆಯಿಂದ ಉರಿ ಇಳಿಯಿತು, ನಿದ್ದೆ ಬಂತು, ಬಾಯಿ ಒಣಗಿತು. ಬಾಯಿ ಒಣಗಿದರೆ ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರುವುದು ಮಿಶ್ರಿ. ನಿಪ್ಪಾಣಿ ಕಡೆಯ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿಗೆ ಹಚ್ಚಿಕೊಂಡು ಹಲ್ಲು ಒಸಡು ತಿಕ್ಕುವುದು. ಎಲ್ಲ ಹೆಂಗಸರ ಸೊಂಟದಲ್ಲೂ ಒಂದು ಡಬ್ಬಿ. ಮೊದಲು ನಾನು ಬೆಳಿಗ್ಗೆ ಒಮ್ಮೆ ತಿಕ್ಕುತ್ತಿದ್ದೆ. ಬಾಯಿ ಒಣಗತೊಡಗಿದ ಮೇಲೆ ಕೂತಲ್ಲಿ ನಿಂತಲ್ಲಿ ತಿಕ್ಕಿದೆ. ಬಾಯಲ್ಲಿ ನೀರೂರುತ್ತಿತ್ತು, ಹಾಯೆನಿಸುತ್ತಿತ್ತು.

ಇಷ್ಟೆಲ್ಲ ಆಗಿ ಕೆಲವು ತಿಂಗಳಿಗೆ ಬೆರಳು ತಣ್ಣಗಾದವು. ಕಾಲ್ಬೆರಳೂ ಅಷ್ಟೇ. ಹೊಲಕ್ಕೆ ನಡೆದರೆ ಮೀನಖಂಡ ಹಿಡಿದುಕೊಂಡು ನಡುದಾರಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ರೊಟ್ಟಿ ಬಡಿಯುವಾಗ ಹಂಚು ತಾಗಿ ಬೊಬ್ಬೆ ಎದ್ದದ್ದು ನನಗೆ ತಿಳಿಯಲೇ ಇಲ್ಲ, ನೆಗೆಣ್ಣಿ ನೋಡಿ ಹೇಳಿದಳು. ಅತ್ತೆ ಮಾಟ ಎಂದಳು. ಮುಂಗೈಗೆ ಬರೆ ಹಾಕಿಸು ಎಂದಳು ಓಣಿಯ ಇನ್ನೊಬ್ಬಳು. "ಮೊದಲ ನಿನ್ನ ನಾಲಗಿಗೆ ಹಾಕಸ್ಕೋ" ಎಂದು ಕಳಿಸಿದೆ.

ಆ ವಾರವೇ ಗಂಡ ಊಟಕ್ಕೆ ಕೂತಾಗ ಮಾತು ತೆಗೆದ. "ತೆಲಸಂಗದಾಂವ ಒಬ್ಬ ಎಮ್ಮಿ ಹುಡಕಾಕತ್ತಾನ. ನಮ್ಮದನ್ನ ನೋಡಾಕ ಬಾ ಅಂತ ಹೇಳೇನಿ."

"ಯಾರನ್ನ ಕೇಳಿ ಹೇಳಿದ್ರಿ?"

"ಹಿಂಡಾಕ ಬರದ ಎಮ್ಮಿ ಕಟ್ಟಗೊಂಡ ಏನ ಮಾಡ್ತಿ? ಕರು ಕುಡದ ಉಳದದ್ದಕ್ಕ ಕೆಚ್ಚಲ ಬಾತಗೊಳ್ಳತೈತಿ. ನೀನ ನೋಡಾಕತ್ತಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು. "ಆಂವ ಬರ್ಲಿ. ಆಂವನ ಮುಂದ ನಾ ಹಿಂಡತೇನಿ. ಹಿಂಡಾಕ ಬಂದ್ರ ಎಮ್ಮಿ ಇಲ್ಲೇ. ಬರದಿದ್ರ ಹಗ್ಗ ನಾನ ಬಿಚ್ಚಿ ಕೊಡತೇನಿ" ಎಂದೆ.

"ಮಾತ ತಪ್ಪಬಾರದು."

"ನೀವ ತಪ್ಪಬ್ಯಾಡ್ರಿ."

ಮರುದಿನ ನೆಗೆಣ್ಣಿಯನ್ನು ಕರೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ. ಅಲ್ಲಿಯ ದವಾಖಾನೆಯಲ್ಲಿ ಒಬ್ಬ ಡಾಕ್ಟರಬಾಯಿ ಇದ್ದಳು. ಮಾತು ಬಿರುಸು, ಆದರೆ ಯಾರ ಪಾಳಿಯನ್ನೂ ತಪ್ಪಿಸುವವಳಲ್ಲ ಎಂದು ಕೇಳಿದ್ದೆ. ಮನಸ್ಸಿನೊಳಗೆ ನನಗೊಂದು ಹೆದರಿಕೆ ಇತ್ತು. ಕೈಯ ಹೆದರಿಕೆಯಲ್ಲ. ತಲೆಯ ಗುಳಿಗೆ ಬಿಡು ಎಂದರೆ ಏನು ಮಾಡಲಿ ಎಂಬುದು. ಇಷ್ಟು ದಿನ ಯಾರಿಗೂ ತೋರಿಸದೆ ಕೂತದ್ದೂ ಅದಕ್ಕೇ.

ಡಾಕ್ಟರಬಾಯಿ ನನ್ನ ಕೈ ಹಿಡಿದಳು. ಉಗುರು ಒತ್ತಿ ಬಿಟ್ಟಳು. ಬಿಳುಪು ಹೋಗಿ ಕೆಂಪು ಬರಲು ತಡವಾಯಿತು. ಮಣಿಕಟ್ಟಿನಲ್ಲಿ ನಾಡಿ ಹುಡುಕಿದಳು, ಆ ಕೈ ಬಿಟ್ಟು ಈ ಕೈ ಹಿಡಿದಳು. ಮೋರೆ ಗಂಟಾಯಿತು.

"ತಂಬಾಕ ತಿಂತಿಯೇನ?"

"ಇಲ್ರಿ."

"ಏನೇನ ಗುಳಗಿ ತಗೋತಿ?"

"ಒಂದ ಬಿಳೇದು, ಒಂದ ಸಣ್ಣ ಹಳದಿ, ಒಂದ..."

"ಬಣ್ಣ ಕೇಳಿ ರಂಗೋಲಿ ಹಾಕ್ಲೇನ ನಾ? ಊಟ ಬಿಟ್ಟ ಬಾಯಾಗ ಏನೇನ ಹಾಕತಿ, ಎಲ್ಲಾ ಇಲ್ಲಿ ಮೇಜಿನ ಮ್ಯಾಲ ಇಡು. ಒಂದೂ ಬಿಡಬ್ಯಾಡ."

ಅಥಣಿಯ ಎರಡೂ ಇಟ್ಟೆ. ಮೀರಜದ್ದು ಇಟ್ಟೆ. ಮೈಕೈ ನೋವಿಗೆ ಎಂದು ನೆಗೆಣ್ಣಿಯಿಂದ ಇಸಿದುಕೊಂಡು ಆಗಾಗ ನುಂಗುತ್ತಿದ್ದದ್ದೂ ಒಂದಿತ್ತು, ಅದನ್ನೂ ಇಟ್ಟೆ. ನೆಗೆಣ್ಣಿ ಕಿಟಕಿಯ ಕಡೆ ಮೋರೆ ತಿರುಗಿಸಿದಳು. ಎಲ್ಲಾ ಎಂದರೆ ಎಲ್ಲಾ. ಸೊಂಟದಿಂದ ಮಿಶ್ರಿ ಡಬ್ಬಿಯನ್ನೂ ತೆಗೆದೆ.

"ಅದನ್ಯಾಕ ತಗೀತಿ ಅಕ್ಕಾ, ನಾಚಿಕಿ ಬಿಟ್ಟಾಕಿ" ಎಂದು ನೆಗೆಣ್ಣಿ ಮೊಣಕೈಯಿಂದ ತಿವಿದಳು.

"ಬಾಯಾಗ ಹಾಕತೇನೋ ಇಲ್ಲೋ?"

ಡಾಕ್ಟರಬಾಯಿ ಗುಳಿಗೆಗಳನ್ನು ಬಿಟ್ಟು ಡಬ್ಬಿ ಎತ್ತಿಕೊಂಡಳು. ಮುಚ್ಚಳ ತೆಗೆದು ಮೂಸಿ ನೋಡಿದಳು. "ತಂಬಾಕ ಇಲ್ಲ ಅಂದಿ?"

"ಇದು ತಿನ್ನೂದಲ್ರಿ ಬಾಯಾರ. ಹಲ್ಲ ತಿಕ್ಕೂದು. ಮಿಶ್ರಿ."

"ಮಿಶ್ರಿ ಹೆಂಗ ಮಾಡ್ತಿ?"

"ತಂಬಾಕ ಹುರದ್ರಿ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನೆಗೆಣ್ಣಿ ಸೆರಗು ಬಾಯಿಗಿಟ್ಟು ನಕ್ಕಳು. ಡಾಕ್ಟರಬಾಯಿ ನಗಲಿಲ್ಲ. "ನೀ ಯಾಕ ನಗತಿ? ನಿನ್ನ ಹಲ್ಲೂ ಕರ್ರಗನ ಅದಾವ" ಎಂದಳು.

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. ತಲೆ ಹಿಡಿದಾಗ ನುಂಗುವ ಗುಳಿಗೆ ರಕ್ತದ ನಾಳ ಬಿಗಿಯುತ್ತದೆ, ಅದಕ್ಕೇ ತಲೆ ಬಿಡುತ್ತದೆ. ಆದರೆ ಅದಕ್ಕೆ ತಲೆಯ ನಾಳ ಯಾವುದು, ಬೆರಳಿನ ನಾಳ ಯಾವುದು ಎಂದು ಗೊತ್ತಿಲ್ಲ. ವಾರಕ್ಕೆ ಎರಡಾದರೆ ಮೈ ತಡೆದುಕೊಳ್ಳುತ್ತದೆ, ದಿನಾ ಆದರೆ ಬಿಗಿದದ್ದು ಸಡಿಲುವುದೇ ಇಲ್ಲ. ತಂಬಾಕಿನ ಸತ್ವವೂ ಬಿಗಿಯುತ್ತದೆ. ದಿನಾ ನುಂಗುವ ಗುಳಿಗೆ ಒಂದೇ ಇದ್ದರೆ ಒಳ್ಳೆಯದೇ, ಇವೆರಡರ ಜೊತೆ ಸೇರಿದರೆ ಕೈಕಾಲಿಗೆ ರಕ್ತ ಇನ್ನೂ ಕಡಿಮೆ. ಹಳದಿ ಗುಳಿಗೆ ಅದರ ಜೊತೆಗೂಡಿ ಎದ್ದು ನಿಂತಾಗ ಕಣ್ಣು ಕತ್ತಲೆ ತರಿಸುತ್ತದೆ, ಬಾಯಿ ಒಣಗಿಸಿ ಮಿಶ್ರಿಗೆ ಕಳಿಸುತ್ತದೆ.

"ಹಂಗಾರ ಎಲ್ಲಾ ಕೃಷ್ಣಾ ಹೊಳಿಗೆ ಒಗೀತೇನ್ರಿ" ಎಂದೆ.

"ಒಗದ್ರ ಇನ್ನೊಂದ ರೋಗಾ ಹಚ್ಚಗೊಂಡ ಬರ್ತಿ. ಈ ದಿನಾ ನುಂಗೂ ಗುಳಗಿ ಒಮ್ಮಿಗೇ ಬಿಟ್ರ ಎದಿ ಹಾರತೈತಿ, ನಾ ನೋಡಕೋತ ಇಳಸ್ತೇನಿ. ತಲಿ ಹಿಡದಾಗಿಂದು ಇವತ್ತಿಂದ ಬಂದ್. ಮಿಶ್ರಿನೂ ಬಂದ್. ನೆಗೆಣ್ಣಿ ಗುಳಗಿ ನೆಗೆಣ್ಣಿಗೆ ಕೊಡು. ಹಳದೀದು ಇರ್ಲಿ, ಅದು ಉರಿಗೂ ಆಗತೈತಿ, ನಿನ್ನ ತಲಿನೋವಿಗೂ ಆಗತೈತಿ. ಆದ್ರ ಹೊತ್ತ ಹಿಡೀತೈತಿ."

"ಅಲ್ಲೀತನಕ ತಲಿ?"

"ನೋಯತೈತಿ. ಮೊದಲಿಗಿಂತಾ ಜೋರ ನೋಯತೈತಿ. ಗುಳಗಿ ಬಿಟ್ಟ ಸಿಟ್ಟಿಗೆ ಎಂಟ್ಹತ್ತ ದಿನಾ ಕುಣೀತೈತಿ. ತಡಕೋತಿಯೋ, ಬೆರಳ ಕಳಕೋತಿಯೋ?"

ಸುಳ್ಳು ಸಮಾಧಾನ ಹೇಳಲಿಲ್ಲ ಎಂದು ನನಗೆ ಅವಳ ಮೇಲೆ ನಂಬಿಕೆ ಬಂತು. ಮನೆಗೆ ಕಳಿಸಲಿಲ್ಲ. ನಾಡಿ ಸರಿಯಾಗಿ ಸಿಗುವ ತನಕ ಇಲ್ಲೇ ಇರು ಎಂದು ಮಂಚ ತೋರಿಸಿದಳು. ಸೂಜಿ ಚುಚ್ಚಿದರು, ಬಾಟ್ಲಿ ಏರಿಸಿದರು, ದಿನಾ ಬಂದು ಬೆರಳು ಒತ್ತಿ ನೋಡಿದರು.

ತಲೆ ಹೇಳಿದ ಹಾಗೇ ಕುಣಿಯಿತು. ಅದನ್ನು ಬಣ್ಣಿಸಿ ಉಪಯೋಗವಿಲ್ಲ. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಿದ್ದಿದ್ದೆ. ವಾಂತಿಗೆ ಏನೋ ಕೊಟ್ಟರು, ನೋವಿಗೆ ಬೇರೆ ಸೌಮ್ಯವಾದದ್ದು ಒಂದು ಕೊಟ್ಟರು, ಅದನ್ನೂ ಅವರ ಕೈಯಿಂದಲೇ, ಅವರ ಲೆಕ್ಕದಿಂದಲೇ. ಅದಕ್ಕಿಂತ ಕೆಟ್ಟದ್ದು ಮಿಶ್ರಿ ಇಲ್ಲದ್ದು. ಬೆರಳು ತಾನೇ ಹಲ್ಲಿಗೆ ಹೋಗುತ್ತಿತ್ತು. ಪಕ್ಕದ ಮಂಚದವಳನ್ನು ಬೈದೆ, ಕಸ ಗುಡಿಸುವವಳನ್ನು ಬೈದೆ, ಚಹಾ ತಂದ ಗಂಡನನ್ನೂ ಬೈದೆ.

"ಅಕ್ಕಾ, ಒಂದ ಚಿಟಿಕಿ ಹಚ್ಚಗೊಂಡ ಬಿಡು, ನಾವೆಲ್ಲಾರೂ ಬದಕತೇವಿ" ಎಂದಳು ನೆಗೆಣ್ಣಿ.

"ನೀ ಬದುಕಿ ಏನ ಮಾಡೂದೈತಿ?" ಎಂದೆ. ಮಿಶ್ರಿಯ ಬದಲು ಬಡೇಸೋಪಿನ ಕಾಳು ಬಾಯಿಗೆ ಹಾಕಿಕೊಂಡೆ. ನೀರು ಗುಟುಕು ಗುಟುಕಾಗಿ ಕುಡಿದೆ.

ಮನೆಗೆ ಬಂದಾಗ ಬೆರಳಿಗೆ ಬಣ್ಣ ಮರಳಿತ್ತು. ಬಣ್ಣ ಬಂದಷ್ಟು ಬೇಗ ಕಸುವು ಬರಲಿಲ್ಲ. ಜುಮುಜುಮು ಎನ್ನುತ್ತಿದ್ದವು, ಮುಷ್ಟಿ ಬಿಗಿಯಾಗುತ್ತಿರಲಿಲ್ಲ. ಬೆಂಕಿಗೆ ಕೈ ಕಾಸಬೇಡ, ಸ್ಪರ್ಶವಿಲ್ಲದ ಕೈ ಸುಟ್ಟರೂ ತಿಳಿಯದು ಎಂದು ಡಾಕ್ಟರಬಾಯಿ ಹೇಳಿ ಕಳಿಸಿದ್ದಳು. ಬಿಸಿಲಿನಲ್ಲಿ ಕೂತು ಹಸಿ ಹಿಟ್ಟಿನ ಉಂಡೆ ಹಿಚುಕಿದೆ. ಕರು ಕುಡಿದು ಬಿಟ್ಟ ಮೇಲೆ ಕೆಚ್ಚಲಿಗೆ ಕೈ ಹಚ್ಚಿ, ಹಾಲು ಬರಲಿ ಬಿಡಲಿ, ಹಚ್ಚಿದ ಕೈ ತೆಗೆಯದೆ ಕೂತೆ. ಎಮ್ಮೆ ಒದೆಯಲಿಲ್ಲ. ಮೊದಲು ಎರಡು ಬೆರಳಿನಿಂದ ನಾಲ್ಕು ಹನಿ ಬಂತು. ದಿನದಿನಕ್ಕೆ ಹೆಚ್ಚಿತು. ಪೂರ್ತಿ ಹಿಂಡಲು ಇನ್ನೂ ಆಗಿರಲಿಲ್ಲ.

ಅಷ್ಟರಲ್ಲಿ ತೆಲಸಂಗದವನು ಬಂದ. ನಮ್ಮ ಕಡೆ ಹೈನದ ಎಮ್ಮೆ ಕೊಳ್ಳುವವರು ಮಾತು ಕೇಳಿ ಕೊಳ್ಳುವುದಿಲ್ಲ. ಸಂಜೆಗೊಮ್ಮೆ, ಬೆಳಿಗ್ಗೆಗೊಮ್ಮೆ ಕಣ್ಣ ಮುಂದೆ ಹಿಂಡಿಸಿ ನೋಡುತ್ತಾರೆ. ಸಂಜೆ ಅವನು ಬಂದದ್ದು ತಡವಾಗಿತ್ತು, ಕರು ಕುಡಿದಾಗಿತ್ತು. ಬೆಳಗಿನದ್ದೇ ನೋಡುತ್ತೇನೆ ಎಂದು ಉಂಡು ಮಲಗಿದ.

ಬೆಳಿಗ್ಗೆ ಏಳುವಾಗಲೇ ನನ್ನ ಎಡಗಣ್ಣಿನ ಹಿಂದೆ ಮೊಳೆ ಬಡಿಯುತ್ತಿತ್ತು. ಬರಬಾರದ ದಿನವೇ ಬಂದಿತ್ತು. ಗೋಡೆ ಹಿಡಿದು ಕೊಟ್ಟಿಗೆಯ ತನಕ ಹೋದೆ. ನೆಗೆಣ್ಣಿ ಹಿಂದೆಯೇ ಬಂದಳು. ಸೆರಗಿನ ಗಂಟು ಬಿಚ್ಚಿ ಅಂಗೈ ಮುಂದೆ ಮಾಡಿದಳು. ಅಥಣಿಯ ಗುಳಿಗೆ, ತಲೆ ಹಿಡಿದಾಗ ನುಂಗುವುದು. ಎಲ್ಲಿಂದಲೋ ಉಳಿದದ್ದನ್ನು ತೆಗೆದಿಟ್ಟಿದ್ದಳು.

"ಒಂದ ನುಂಗ ಅಕ್ಕಾ. ಒಂದರಿಂದ ಏನಾಗೂದಿಲ್ಲ. ತಲಿ ನಿಂದ್ರತೈತಿ, ಎಮ್ಮಿ ಉಳೀತೈತಿ. ನಾಳಿಂದ ಮತ್ತ ಬಿಡು."

ನನ್ನ ಒಳ್ಳೆಯದಕ್ಕೇ ಹೇಳಿದಳು. ಮನೆಯಲ್ಲಿ ಆ ಎಮ್ಮೆ ಹೋಗಬಾರದು ಎಂದು ನನ್ನ ನಂತರ ಯಾರಿಗಾದರೂ ಇದ್ದರೆ ಅವಳಿಗೇ. ಬಾಯಲ್ಲಿ ನೀರು ಬಂತು ಎಂದರೆ ಸುಳ್ಳಲ್ಲ. ಕೈ ಮುಂದೆ ಹೋಯಿತು. ಹೋದ ಕೈಯನ್ನು ನೋಡಿದೆ. ಉಗುರು ಕೆಂಪಗಿದ್ದವು. ತಲೆ ನಿಂತರೆ ನನಗೆ ಹಾಯಿ. ಆದರೆ ಹಾಲು ಹಿಂಡುವುದು ತಲೆಯಿಂದಲ್ಲ.

"ಅದನ್ನ ತಿಪ್ಪಿಗೆ ಒಗಿಬ್ಯಾಡ, ಕೋಳಿ ತಿಂದಾವು. ಒಲಿಗೆ ಹಾಕು" ಎಂದೆ.

"ಹಟಮಾರಿ ಅದಿ" ಎಂದು ಗೊಣಗುತ್ತ ಹೋದಳು.

ತೆಲಸಂಗದವನು ಕಂಬಕ್ಕೆ ಒರಗಿ ನಿಂತ. ಗಂಡ ಅವನ ಪಕ್ಕದಲ್ಲಿ. ಕರು ಬಿಟ್ಟೆ, ಹಾಲು ಇಳಿದ ಮೇಲೆ ಎಳೆದು ಕಟ್ಟಿದೆ. ಎಮ್ಮೆಯ ಹೊಟ್ಟೆಗೆ ಹಣೆಯ ನೋಯುವ ಬದಿ ಒತ್ತಿ ಕಣ್ಣು ಮುಚ್ಚಿಕೊಂಡು ಕೂತೆ. ಕಿರುಬೆರಳು ಸಾಥ್ ಕೊಡಲಿಲ್ಲ, ಬಿಟ್ಟೆ. ಹೆಬ್ಬೆರಳು ಮಡಚಿ ಉಳಿದವುಗಳಿಂದ ಹಿಂಡಿದೆ. ಚರಿಗೆಯ ತಳಕ್ಕೆ ಹಾಲು ಬಡಿದ ಸಪ್ಪಳ ತಲೆಯೊಳಗೆ ಹೊಕ್ಕು ಸುತ್ತುತ್ತಿತ್ತು. ನೊರೆ ಏರಿದ ಮೇಲೆ ಸಪ್ಪಳ ಮೆತ್ತಗಾಯಿತು. ನಡುವೆ ಒಮ್ಮೆ ನಿಲ್ಲಿಸಿ ಒಂದು ಕಣ್ಣು ತೆರೆದೆ. ಗಂಡ ಏನೋ ಹೇಳಲು ಬಾಯಿ ತೆರೆದದ್ದು ಕಂಡು ಮತ್ತೆ ಹಿಡಿದೆ. ನಾಲ್ಕೂ ಮೊಲೆ ಖಾಲಿಯಾಗುವ ತನಕ ಏಳಲಿಲ್ಲ.

ತೆಲಸಂಗದವನು ಚರಿಗೆ ಬಗ್ಗಿ ನೋಡಿದ. "ಎಮ್ಮಿ ಬರೊಬ್ಬರಿ ಐತ್ರಿ. ನಂಗ ಪಸಂತ. ಹಗ್ಗಾ ಬಿಚ್ಚರಿ" ಎಂದ.

ಗಂಡ ನನ್ನ ಕಡೆ ನೋಡಿದ. ನಾನೂ ಅವನ ಕಡೆ ನೋಡಿದೆ. ಒಂದೇ ಕಣ್ಣಿನಿಂದ, ಇನ್ನೊಂದು ತೆರೆಯುತ್ತಿರಲಿಲ್ಲ.

"ಇಲ್ಲಪಾ. ಮನಿಯಾಕಿ ಹಿಂಡತಾಳ. ಕೊಡೂದಿಲ್ಲ" ಎಂದ ಗಂಡ.

"ಇದನ್ನ ನಿನ್ನೇನ ಹೇಳಬೇಕಿಲ್ಲೋ? ತೆಲಸಂಗದಿಂದ ಬಸ್ ಬದಲಿ ಮಾಡಿ ಬಂದೇನಿ."

"ನಿನ್ನೆ ನನಗೂ ಗೊತ್ತಿರ್ಲಿಲ್ಲ" ಎಂದ ನನ್ನ ಗಂಡ. ಅವನ ಬಾಯಿಂದ ಅಷ್ಟು ನೇರ ಮಾತು ನಾನು ಅದೇ ಮೊದಲು ಕೇಳಿದ್ದು.

ಅವನಿಗೆ ಚಹಾ ಕೊಡಿ ಎಂದು ಹೇಳಿ, ಹಾಲು ಸೋಸಿ ಕ್ಯಾನಿಗೆ ಹಾಕಿದೆ. ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ, ಬಾಯಿ ತೊಳೆದುಕೊಂಡು, ಡಾಕ್ಟರಬಾಯಿ ಕೊಟ್ಟು ಕಳಿಸಿದ್ದ ಸೌಮ್ಯ ಗುಳಿಗೆಯನ್ನೇ ಒಂದು ನುಂಗಿ, ಬಾಗಿಲು ಹಾಕಿಕೊಂಡು ಮಲಗಿದೆ. ಮರುವಾರ ಅಥಣಿಗೆ ಹೋಗಿ ಅಲ್ಲಿಯ ಡಾಕ್ಟರರ ಮುಂದೆ ಮೀರಜದ ಹೆಸರೂ ತೆಗೆದೆ, ಚಿಕ್ಕೋಡಿಯ ಹೆಸರೂ ತೆಗೆದೆ, ಮಿಶ್ರಿಯನ್ನೂ ಹೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಬಂದಿದ್ದರೂ ಹೇಳುವವಳೇ ಇದ್ದೆ.